ತೇವ ಕುಡಿಯುವ ಹೊಗೆ

ಸಾಂಬೀರ್,
ಜುಲೈ ೧೮, ೨೦೨೪

ಮುದ್ದಿನ ಜೋರ್ಯಾನಾ,

ಹೇಗಿದ್ದೀಯ ಮಗಳೇ? ಬೆನ್ನುನೋವು ಇಳಿಯಿತೇ? ಆಂಬುಲೆನ್ಸಿನ ಆ ಮುರುಕು ಸೀಟಿಗೆ ದಿಂಬು ಕಟ್ಟಿಕೋ ಎಂದು ಬಡಿದುಕೊಂಡೆ. ನೀನು ಕಟ್ಟಿಕೊಂಡಿರುವುದಿಲ್ಲ ಎಂದೂ ಗೊತ್ತು. ಗಾಯಾಳುಗಳನ್ನು ಹೊತ್ತು ತರುವವಳೇ ಸೊಂಟ ಹಿಡಿದು ಕೂತರೆ ಹೇಗೆ? ನಿನ್ನಪ್ಪ ಚೆನ್ನಾಗಿದ್ದಾರೆ. ಚೆರಿ ಹಣ್ಣಿನ ಬೀಜ ತೆಗೆಯುತ್ತೇನೆಂದು ಕೂತು ಅಡುಗೆಮನೆಯನ್ನೆಲ್ಲ ಕೆಂಪು ಮಾಡಿಟ್ಟಿದ್ದಾರೆ. ಜಾಮ್ ಈ ಪತ್ರದ ಜೊತೆಗೇ ಬರುತ್ತದೆ.

ಇನ್ನು ನನ್ನ ಕೆಲಸದ ವಿಷಯ. ಶತ್ರುವಿನ ಕಣ್ಣಿಗೆ ಮರೆಯಾಗಲೆಂದು ನೀವು ಹಚ್ಚುವ ಹೊಗೆಡಬ್ಬಿಗಳ ಪರೀಕ್ಷೆ ಮೈದಾನದಲ್ಲಿ ನಡೆದೇ ಇದೆ. ನನ್ನ ಲೈಡಾರ್ ಯಂತ್ರವನ್ನು ‘ಅಮ್ಮನ ಟಾರ್ಚು’ ಎಂದು ಗೇಲಿ ಮಾಡುತ್ತೀಯಲ್ಲ, ಅದೇ ಈಗ ನನ್ನ ನಿದ್ದೆ ಕೆಡಿಸಿದೆ. ಹೊಗೆಯೊಳಗೆ ಬಿಟ್ಟ ಲೇಸರ್ ಬೆಳಕು ಎಷ್ಟು ದೂರದಿಂದ ಎಷ್ಟು ವಾಪಸು ಬಂತು ಎಂದು ನೋಡಿ, ಹೊಗೆ ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ಹೇಳುವುದು ನನ್ನ ಕೆಲಸ. ನಮ್ಮಲ್ಲಿ ಪರೀಕ್ಷೆ ಯಾವಾಗಲೂ ಮುಂಜಾನೆ, ಗಾಳಿ ಅಲುಗದ ಹೊತ್ತಿನಲ್ಲಿ. ಹೊಸ ಡಬ್ಬಿಗಳ ಹೊಗೆ ಆಗ ಗೋಡೆಯಂತೆ ನಿಂತಿತು, ಎಲ್ಲರೂ ಬೆನ್ನು ತಟ್ಟಿಕೊಂಡರು. ಆದರೆ ಇದು ಗಾಳಿಯ ತೇವ ಕುಡಿದು ದಪ್ಪಗಾಗುವ ಜಾತಿಯ ಹೊಗೆ. ಇಲ್ಲಿ ಮುಂಜಾನೆ ಹುಲ್ಲೆಲ್ಲ ಇಬ್ಬನಿ. ನೀವಿರುವ ಯುದ್ಧರಂಗದ ಕಡೆ ಮಧ್ಯಾಹ್ನ ಒಣಗಿ ನೆಲವೇ ಬಿರಿಯುತ್ತದೆ. ಸುಡುಬಿಸಿಲಲ್ಲೂ ಒಮ್ಮೆ ಅಳೆಯೋಣ ಎಂದರೆ ನಮ್ಮ ಮುಖ್ಯಸ್ಥ ಓರೆಸ್ತ್, "ಸ್ತೆಫಾನಿಯಾ ಅವ್ರೇ, ನಿಮ್ಗೆ ಹೊಗೇಲೂ ಹುಳುಕು ಕಾಣ್ಸುತ್ತಲ್ರೀ" ಎಂದು ನಕ್ಕರು. ನಾನು ಬಿಡಲಿಲ್ಲ. ನಿನ್ನೆ ಮಧ್ಯಾಹ್ನ ಹಚ್ಚಿದೆವು. ಬೆಳಕು ಹೊಗೆಯನ್ನು ತೂರಿಕೊಂಡು ಹೋಗಿ, ಆಚೆ ನಿಲ್ಲಿಸಿದ್ದ ಹಲಗೆಗೆ ತಾಗಿ ಬಂತು. ಓರೆಸ್ತ್ ಮುಖ ಇಳಿದುಹೋಯಿತು. "ಡಬ್ಬಿ ಕಳ್ಸೋದು ನಿಲ್ಸಿ ಅಂತ ಈಗ್ಲೇ ಹೇಳ್ತೀನಿ" ಎಂದು ಒಳಗೆ ಓಡಿದರು. ನನಗೆ ಭಯವಾಗಿದೆ ಮಗಳೇ, ನಿನ್ನ ಹತ್ತಿರ ಮುಚ್ಚಿಡಲಾರೆ.

ಇದನ್ನೆಲ್ಲ ಫೋನಿನಲ್ಲಿ ಆಡುವಂತಿಲ್ಲ. ಅದಕ್ಕೇ ನಿಮ್ಮ ಕಡೆಗೆ ಹೊರಟಿರುವ ಔಷಧಿ ವ್ಯಾನಿನ ಯಾರೆಮಾ ಕೈಯಲ್ಲಿ ಪತ್ರ ಕೊಡುತ್ತಿದ್ದೇನೆ. ಅವನಿಗೆ ಊಟ ಹಾಕಿ ಕಳಿಸು. ಅಪ್ಪ ಮುತ್ತು ಕಳಿಸಿದ್ದಾರೆ. ದೇವಮಾತೆ ತನ್ನ ಸೆರಗಿನಡಿ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಸ್ತೆಫಾನಿಯಾ

ತಾ.ಕ.: ಯಾರೆಮಾ ಹಾರ್ನ್ ಹೊಡೆಯುತ್ತಿದ್ದಾನೆ. ಓರೆಸ್ತ್ ಈಗ ಬಂದು ಹೇಳಿದರು: ಡಬ್ಬಿಗಳು ಮೊನ್ನೆಯೇ ನಿಮ್ಮ ಪಡೆಗೆ ಹೊರಟುಹೋಗಿವೆಯಂತೆ, ವಾಪಸು ತರಿಸುವ ಅಪ್ಪಣೆ ಇನ್ನೂ ಬಂದಿಲ್ಲ. ಡಬ್ಬಿಯ ಮೇಲೆ ಹಸಿರು ಪಟ್ಟಿ ಇದ್ದರೆ ಅವೇ. ಬಿಸಿಲಲ್ಲಿ ಅವನ್ನು ನಂಬಬೇಡ, ಎಲ್ಲರಿಗೂ ಹೇಳು. ಬೇರೆ ದಾರಿಯೇ ಇಲ್ಲದಿದ್ದರೆ ಮೂರು ನಾಲ್ಕು ಒಟ್ಟಿಗೆ ಹಚ್ಚಿಸು. ಆಮೇಲೂ ಗಾಡಿ ಹೊರಡಿಸುವ ಮೊದಲು ಒಮ್ಮೆ ನೋಡು. ಹೊಗೆಯ ಆಚೆ ನಿನಗೆ ಮರಗಳು ಕಾಣುತ್ತಿದ್ದರೆ, ಮರಗಳ ನಡುವೆ ಇರುವವನಿಗೂ ನೀನು ಕಾಣುತ್ತೀ.