ಮೇಷ್ಟ್ರು ಮುಂದೆ, ಕುರಿ ಹಿಂದೆ

ಮಾರ್ಚ್ 3, ಸೋಮವಾರ

ಮೇಷ್ಟ್ರು ಇವತ್ತು ಒರೆಸುವ ಬಟ್ಟೆ ತಿಂದ. ಹಿತ್ತಲ ತಂತಿಯ ಮೇಲೆ ಒಣಹಾಕಿದ್ದು. ಅರ್ಧ ಬಾಯೊಳಗೆ, ಅರ್ಧ ಹೊರಗೆ — ಗಡ್ಡದ ಮೇಲೊಂದು ಗಡ್ಡ. ಬೈದೆ. ತಲೆ ಅಲ್ಲಾಡಿಸುತ್ತ ನಿಂತ. ಥೇಟ್ ನನ್ನ ನಾಲ್ಕನೇ ಕ್ಲಾಸಿನ ಮೇಷ್ಟ್ರು, ತಪ್ಪು ತಮ್ಮದೇ ಆದರೂ ಮುಖದ ಗತ್ತು ಇಳಿಯುತ್ತಿರಲಿಲ್ಲ. ಅದಕ್ಕೇ ಹೋತಕ್ಕೆ ಆ ಹೆಸರು ಬಿತ್ತು. ಹುಟ್ಟಿದ ವಾರಕ್ಕೇ ತಾಯಿ ಸತ್ತಿತು, ಬಾಟಲಿ ಹಾಲು ಕುಡಿಸಿದವಳು ನಾನು. ನಾನು ಕರೆದರೆ ಬರುತ್ತಾನೆ. ಬೇರೆಯವರು ಕರೆದರೆ ಕಿವಿಯೂ ಅಲ್ಲಾಡಿಸುವುದಿಲ್ಲ.

ಊಟಕ್ಕೆ ಮಾಂಸದ ಸಾರು. ಮೊಮ್ಮಗಳು ಮಾಂಸ ಬಿಟ್ಟಿದ್ದಾಳೆ, ಕಾಲೇಜಿನಲ್ಲಿ ಯಾರೋ ವಿಡಿಯೋ ತೋರಿಸಿದರಂತೆ. ಆದರೆ ಸಾರು ಬಿಟ್ಟಿಲ್ಲ.

“ತುಂಡು ಬೇಡ ಅಜ್ಜಿ, ಬರೀ ರಸ ಹಾಕು.”

“ರಸ ಏನು, ಕುರಿ ಮುಖ ತೊಳೆದ ನೀರು ಅಂದ್ಕೊಂಡ್ಯಾ?”

ಮುನಿಸಿಕೊಂಡಳು. ಆಮೇಲೆ ಎರಡನೇ ಸಲ ರಸ ಹಾಕಿಸಿಕೊಂಡಳು. ಸೊಸೆ ನನ್ನ ಕಡೆ ಕಣ್ಣು ಬಿಟ್ಟಳು, ಬಾಯಿ ಮುಚ್ಚಿಕೊಳ್ಳಿ ಎಂದು. ಮುಚ್ಚಿಕೊಂಡೆ, ತುಂಬಾ ಹೊತ್ತು ಅಲ್ಲ.

ಮಗ ಮಾತಿಲ್ಲದೆ ಉಂಡೆದ್ದ. ಹೊಸ ಕಸಾಯಿಖಾನೆಯಲ್ಲಿ ದೊಡ್ಡಿಯ ಸೂಪರ್‌ವೈಸರ್ ಆದಾಗಿನಿಂದ ಹೀಗೇ. ಲಾರಿಯಿಂದ ಇಳಿದ ಕುರಿಗಳನ್ನು ದೊಡ್ಡಿಯಿಂದ ಒಳಗೆ ಕಳಿಸುವುದು ಅವನ ಕೆಲಸ. ಅವು ಹೋಗುತ್ತಿಲ್ಲವಂತೆ.

ಮಾರ್ಚ್ 4, ಮಂಗಳವಾರ

ಮಗ ಬೆಳಿಗ್ಗೆಯೇ ಹಿತ್ತಲಿಗೆ ಬಂದು ಮೇಷ್ಟ್ರ ಬೆನ್ನು ಸವರುತ್ತ ನಿಂತ. ಹುಟ್ಟಿದಾಗಿನಿಂದ ಆ ಹೋತವನ್ನು ಸವರಿದವನಲ್ಲ. ಪೊರಕೆ ಬಿಟ್ಟು ಹತ್ತಿರ ಹೋದೆ.

“ಏನೋ ಅದು, ತೂಕ ನೋಡ್ತಿದೀಯಾ?”

“ಛೆ, ಅಲ್ಲಮ್ಮ. ಕೆಲಸಕ್ಕೆ ಕರ್ಕೊಂಡು ಹೋಗಣ ಅಂತ.”

“ಸಂಬಳ ಎಷ್ಟು ಕೊಡ್ತೀರಾ?”

ನಗಲಿಲ್ಲ. ಕೂತು ಹೇಳಿದ. ದೊಡ್ಡಿಯಿಂದ ಒಳಗೆ ಹೋಗಲು ಒಂದು ಉದ್ದ ಓಣಿ, ಎರಡೂ ಕಡೆ ಕಂಬಿ. ಕುರಿಗಳು ಓಣಿಯ ಬಾಯಲ್ಲೇ ನಿಂತುಬಿಡುತ್ತವೆ. ಅಲ್ಲಿ ಕುರಿಗಳನ್ನು ನೋಡಿಕೊಳ್ಳುವ ಹೊಸ ಡಾಕ್ಟರಮ್ಮ ಕೋಲು ಮುಟ್ಟಬಾರದು ಎಂದಿದ್ದಾಳೆ. ಹೊಡೆಯಬಾರದು, ಕೂಗಬಾರದು, ಬಾಲ ತಿರುವಬಾರದು. ಆಕೆ ತಾನೇ ಓಣಿಯೊಳಗೆ ಮಂಡಿಯೂರಿ ನಡೆದು ನೋಡಿದಳಂತೆ, ಕುರಿಯ ಕಣ್ಣಿಗೆ ಏನು ಕಾಣುತ್ತದೆ ಎಂದು. ತೂಗುತ್ತಿದ್ದ ಸರಪಳಿ ತೆಗೆಸಿದಳು, ನೆಲದ ನೀರು ಒರೆಸಿಸಿದಳು, ಹುಲ್ಲು ಹಾಸಿಸಿದಳು. ಆದರೂ ಮೊದಲನೆಯದು ಹೆಜ್ಜೆ ಇಡಬೇಕಲ್ಲ. ಮೊದಲನೆಯದು ಹೋದರೆ ಉಳಿದವು ತಾವೇ ಹೋಗುತ್ತವೆ.

“ಮೇಷ್ಟ್ರು ಮುಂದೆ ಹೋದ್ರೆ ಸಾಕು. ಕೊನೇಲಿ ಪಕ್ಕಕ್ಕೊಂದು ಸಣ್ಣ ಬಾಗಿಲಿದೆ, ಅವನು ಅದರಿಂದ ಆಚೆ ಬರ್ತಾನೆ. ಸಂಜೆ ನನ್ನ ಜೊತೆನೇ ಮನೆಗೆ.”

“ಕುರಿಗಳು?”

ಮಗ ನನ್ನನ್ನೇ ನೋಡಿದ. ನಿನ್ನೆ ನಾನು ಮೂಳೆ ಚೀಪಿದ್ದನ್ನು ನೋಡಿದವನು ಅವನು.

ಮಾರ್ಚ್ 6, ಗುರುವಾರ, ಮಧ್ಯಾಹ್ನ

ಹೋಗಿ ಬಂದೆ. ಮೇಷ್ಟ್ರು ನಾನಿಲ್ಲದೆ ವ್ಯಾನು ಹತ್ತಲಿಲ್ಲ, ನಾನೂ ಹತ್ತಿದೆ. ದಾರಿಯುದ್ದಕ್ಕೂ ಅಯ್ಯೋ ಮಂಡಿ ನೋವು ಎಂದು ನಾನು, ಮೇ ಮೇ ಎಂದು ಅವನು.

ಅಲ್ಲಿ ರಕ್ತದ ವಾಸನೆ ಇರುತ್ತದೆ ಎಂದುಕೊಂಡಿದ್ದೆ. ಸೋಪಿನ ವಾಸನೆ. ಎಲ್ಲರಿಗೂ ಬಿಳಿ ಕೋಟು, ಬಿಳಿ ಬೂಟು, ಆಸ್ಪತ್ರೆಯೇ ಅನ್ನಬೇಕು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮದುವೆಯಾಗದ ಮುಖ. ಕೈ ಹಿಡಿದು ಓಣಿಯ ಪಕ್ಕ ನಿಲ್ಲಿಸಿದಳು.

“ಅಜ್ಜಿ, ನೀವು ಆ ಕೊನೆಗೆ ಹೋಗಿ ಕರೀರಿ. ಜೋರಾಗಿ ಬೇಡ. ಮನೇಲಿ ಹೇಗೆ ಕರೀತೀರೋ ಹಾಗೆ.”

ಹೋದೆ. ಕಂಬಿಯಾಚೆ ನಿಂತು ಕರೆದೆ. “ಬಾರೋ ಮೇಷ್ಟ್ರೇ, ಬಾರೋ ಕಳ್ಳ.”

ಬಂದ. ಗಡ್ಡ ಎತ್ತಿಕೊಂಡು, ಶಾಲೆ ತಪಾಸಣೆಗೆ ಬಂದವನ ಹಾಗೆ. ಹಿಂದೆ ಒಂದು ಕುರಿ. ಅದರ ಹಿಂದೆ ಇನ್ನೊಂದು. ಆಮೇಲೆ ಇಡೀ ಮಂದೆ, ಒಂದರ ಬೆನ್ನಿಗೆ ಇನ್ನೊಂದು ಮೂತಿ ಒರಗಿಸಿ, ಸದ್ದಿಲ್ಲದೆ. ಗೊರಸಿನ ಶಬ್ದ ಅಷ್ಟೇ. ಮೇಷ್ಟ್ರು ಸಣ್ಣ ಬಾಗಿಲಿನಿಂದ ನನ್ನ ಹತ್ತಿರ ಬಂದ, ಕ್ಯಾರೆಟ್ ಕೇಳಿದ. ಬಾಗಿಲು ಮುಚ್ಚಿತು. ಕುರಿಗಳು ನೇರ ಹೋದವು.

ಯಾರೋ ಚಪ್ಪಾಳೆ ತಟ್ಟಿದರು. ನನಗೇ! ಮಗನ ಮುಖದಲ್ಲಿ ತಿಂಗಳುಗಳಿಂದ ಕಾಣದ ನಗು.

ಒಳಗೆ ನೋಡಬೇಕು ಎಂದೆ. ಮಗ ಬೇಡವೆಂದ. ಡಾಕ್ಟರಮ್ಮ, “ನೋಡಲಿ ಬಿಡಿ” ಎಂದಳು. ದೊಡ್ಡ ಇಕ್ಕಳದಂಥದ್ದು, ಅದರಲ್ಲಿ ಕರೆಂಟು. ತಲೆಯ ಎರಡೂ ಬದಿಗೆ ಹಿಡಿಯುತ್ತಾರೆ. ಕುರಿ ಕುಸಿಯುತ್ತದೆ, ದೀಪ ಆರಿಸಿದ ಹಾಗೆ. ಚಾಕು ಆಮೇಲೆ. ಚಾಕು ಬಂದದ್ದು ಅದಕ್ಕೆ ತಿಳಿಯುವುದಿಲ್ಲವಂತೆ.

“ನೀನು ತಿಂತೀಯೇನಮ್ಮ?” ಎಂದೆ.

“ತಿಂತೀನಿ ಅಜ್ಜಿ. ಅದಕ್ಕೇ ಇಲ್ಲಿದೀನಿ.”

ಒಳ್ಳೆಯ ಮಾತು. ಬರುವ ದಾರಿಯಲ್ಲೆಲ್ಲ ಒಳ್ಳೆಯ ಮಾತು ಎಂದೇ ಅಂದುಕೊಂಡೆ.

ಮಾರ್ಚ್ 7, ಶುಕ್ರವಾರ

ಮಗ ಮಾಂಸ ತಂದ. “ನಿನ್ನೆದೇ ಕಣಮ್ಮ. ನಿನ್ನ ಕೈಗುಣ.” ಕೈಗುಣವಲ್ಲ, ಬಾಯಿಗುಣ.

ಬೆಣ್ಣೆಯ ಹಾಗಿತ್ತು. ಹೆದರಿಸದೆ ಕೊಂದರೆ ಮಾಂಸ ಮೆತ್ತಗೆ ಇರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದು ಸರಿ. ಕಟ್ಟಿಸಿದ ಹಲ್ಲಿಗೂ ಸಿಕ್ಕಿತು. ಎರಡು ತುಂಡು ತಿಂದೆ. ಮೂರನೆಯದು ತಟ್ಟೆಯಲ್ಲೇ ಉಳಿಯಿತು. ಹಸಿವಿರಲಿಲ್ಲ ಎಂದರೆ ಸುಳ್ಳು.

ನಾನೇನು ಹೂವಿನಂಥವಳಲ್ಲ. ಊರಿನಲ್ಲಿದ್ದಾಗ ಕೋಳಿ ಕುಯ್ಯುತ್ತಿದ್ದವಳು ನಾನೇ, ಯಜಮಾನರು ರಕ್ತ ಕಂಡರೆ ಹಿತ್ತಲಿಗೆ ಹೋಗುತ್ತಿದ್ದರು. ಕೋಳಿ ಓಡುತ್ತಿತ್ತು, ನಾನು ಅಟ್ಟಿಸಿಕೊಂಡು ಓಡುತ್ತಿದ್ದೆ. ಬೇಲಿ, ಕೊಟ್ಟಿಗೆ, ಪಕ್ಕದವರ ಅಂಗಳ. ಅದು ನನ್ನನ್ನು ಶಪಿಸುತ್ತಿತ್ತು, ನಾನು ಅದನ್ನು. ನಾನು ಯಾರು ಎಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು. ರಾತ್ರಿ ನಿದ್ದೆ ಕೆಟ್ಟದ್ದಿಲ್ಲ.

ಈ ಕುರಿಗಳು ಓಡಲಿಲ್ಲ.

ಓಡಿಸಿ ಕೊಂದದ್ದು ಕ್ರೂರ, ಕರೆದು ಕೊಂದದ್ದು ದಯೆ. ಹಾಗೆಂದು ಎಲ್ಲರೂ ಹೇಳುತ್ತಾರೆ, ನನ್ನ ಕಣ್ಣೂ ಹಾಗೇ ನೋಡಿತು. ಅಂದಮೇಲೆ ಮೂರನೆಯ ತುಂಡು ಯಾಕೆ ಉಳಿಯಿತು?

ಮಾರ್ಚ್ 19, ಬುಧವಾರ

ಬರೆಯಲು ಏನೂ ಇರಲಿಲ್ಲ. ಇತ್ತು, ಬರೆಯಲಿಲ್ಲ.

ಮೇಷ್ಟ್ರು ಈಗ ನಾನಿಲ್ಲದೆಯೂ ಹೋಗುತ್ತಾನೆ. ದಾರಿ ಕಲಿತ. ಬೆಳಿಗ್ಗೆ ವ್ಯಾನಿನ ಸದ್ದಿಗೆ ಗೇಟಿನ ಬಳಿ ಸಿದ್ಧ. ಅಲ್ಲಿ ಎಲ್ಲರೂ ಏನಾದರೂ ತಿನ್ನಿಸುತ್ತಾರಂತೆ, ಮೈ ಬಂದಿದೆ. ಸಂಜೆ ಆಫೀಸು ಮುಗಿಸಿದ ಗಂಡಸಿನ ಹಾಗೆ ಬಂದು ಮಲಗುತ್ತಾನೆ. ಬೆನ್ನು ಉಜ್ಜಿದರೆ ಸೋಪಿನ ವಾಸನೆ.

ಆವತ್ತಿನಿಂದ ನಾನು ಮಾಂಸ ತಿಂದಿಲ್ಲ. ಬಿಟ್ಟೆ ಎಂದು ಹೇಳಿಲ್ಲ. ಹಲ್ಲು ನೋವು ಎಂದೆ.

“ಕಟ್ಟಿಸಿದ ಹಲ್ಲು ನೋಯುತ್ತಾ ಅತ್ತೆ?” ಎಂದಳು ಸೊಸೆ.

ಇವಳ ಬಾಯಿ ನನ್ನಿಂದಲೇ ಕಲಿತದ್ದು.

ಮೊಮ್ಮಗಳಿಗೆ ಖುಷಿ. “ಅಜ್ಜಿ, ನೀನೂ ನಮ್ಮ ಪಾರ್ಟಿ!” ಫೋನಿನಲ್ಲಿ ಗೆಳತಿಯರಿಗೆಲ್ಲ ಹೇಳಿದಳು. ಸಿಟ್ಟು ಬಂತು. ಇವಳ ಪಾರ್ಟಿ ನನಗೆ ಬೇಡ. ಕುರಿಯ ಮೇಲೆ ಅಕ್ಕರೆ ಉಕ್ಕಿ ಬಿಟ್ಟವಳಲ್ಲ ನಾನು. ಈಗಲೂ ಒಗ್ಗರಣೆಯ ವಾಸನೆಗೆ ಬಾಯಲ್ಲಿ ನೀರು ಬರುತ್ತದೆ. ನೀರು ಬರುತ್ತದೆ, ತುತ್ತು ಇಳಿಯುವುದಿಲ್ಲ. ಇದಕ್ಕೆ ಯಾವ ಪಾರ್ಟಿ ಇದೆ?

ಮಾರ್ಚ್ 28, ಶುಕ್ರವಾರ, ಸಂಜೆ

ಮೇಷ್ಟ್ರು ನಿಂತುಬಿಟ್ಟ.

ಓಣಿಯ ತಿರುವಿನಲ್ಲಿ. ಮಗ ಹೇಳಿದ್ದು — ಎಂದಿನ ಹಾಗೇ ನಡೆದ, ತಿರುವಿಗೆ ಬಂದ, ನಿಂತ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಹಿಂದಿದ್ದ ಕುರಿಗಳು ನಡೆಯುತ್ತಲೇ ಇದ್ದವು. ಒಂದರ ಮೇಲೊಂದು ಏರಿದವು. ಲಾರಿಯ ಆಳು ಹೆದರಿ ಕೋಲು ಎತ್ತಿಕೊಂಡ, ಇನ್ನೊಬ್ಬ ಕೂಗಾಡಿದ. ಎಲ್ಲ ಸರಿಮಾಡುವಷ್ಟರಲ್ಲಿ ಒಂದು ಕುರಿ ಕಾಲ್ತುಳಿತದಲ್ಲಿ ಸತ್ತಿತ್ತು. ಇನ್ನೊಂದರ ಕಾಲು ಮುರಿದಿತ್ತು. ಅರಚಿತಂತೆ. ಮಗನ ಷರಟು ಹರಿದಿದೆ, ಮೊಣಕೈ ಜಜ್ಜಿದೆ. ಜಜ್ಜಿದ್ದಕ್ಕೆ ಮುಲಾಮು ಹಚ್ಚುತ್ತ ಕೂತಿದ್ದೆ.

“ಅಮ್ಮ, ಸೋಮವಾರ ನೀನು ಬರಬೇಕು. ನೀನು ಕರೆದ್ರೆ ಅವನು ಹೋಗ್ತಾನೆ.”

“ಬೇರೆ ಹೋತ ಸಿಗಲ್ವಾ?”

“ಪಳಗಿಸೋಕೆ ತಿಂಗಳುಗಟ್ಟಲೆ ಬೇಕು. ಅಷ್ಟು ದಿನ ಕೋಲೇ ಗತಿ. ನನ್ನ ಕೈಯಲ್ಲಿ ಆಗಲ್ಲಮ್ಮ. ಮುಂಚೆ ಆಗ್ತಿತ್ತು. ಸದ್ದಿಲ್ಲದೆ ಹೋಗೋದು ನೋಡಿದ ಮೇಲೆ ಆಗ್ತಿಲ್ಲ.”

ಮೊಮ್ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ಹೋಗ್ಬೇಡ ಅಜ್ಜಿ. ಅದು ನಂಬಿಕೆ ದ್ರೋಹ.”

“ನಾನು ಹೋಗದಿದ್ರೆ ಆ ಕುರಿಗಳು ಬದುಕ್ತಾವೇನೇ?”

“... ಇಲ್ಲ.”

“ಹೋದ್ರೆ?”

“ಇಲ್ಲ.”

“ಮತ್ತೆ?”

ಅತ್ತಳು. ಮಗ ಎದ್ದು ಹೊರಗೆ ಹೋದ. ಮುಲಾಮಿನ ಡಬ್ಬಿ ಹಿಡಿದುಕೊಂಡು ನಾನೊಬ್ಬಳೇ ಕೂತೆ. ಎರಡು ಕಡೆಯವರನ್ನೂ ಬಾಯಿ ಮುಚ್ಚಿಸುವುದು ನನಗೆ ಸುಲಭ. ನನ್ನನ್ನು ಬಾಯಿ ಮುಚ್ಚಿಸುವವರು ಯಾರೂ ಇಲ್ಲ, ಅದೇ ಕಷ್ಟ.

ಮಾರ್ಚ್ 29, ಶನಿವಾರ

ಮಗ ಇವತ್ತು ರಜೆ ಹಾಕಿದ. ಡಾಕ್ಟರಮ್ಮ ಮನೆಗೇ ಬಂದಳು, ಮೇಷ್ಟ್ರನ್ನು ನೋಡಲು. ಗೊರಸು ಎತ್ತಿ ನೋಡಿದಳು, ಕಣ್ಣು, ಕಿವಿ, ಹಲ್ಲು. ಮುಳ್ಳಿಲ್ಲ, ಗಾಯವಿಲ್ಲ, ಜ್ವರವಿಲ್ಲ. ಅವನು ಆಕೆಯ ಕೋಟಿನ ಗುಂಡಿ ಕಿತ್ತುಕೊಂಡ.

“ಅವನಿಗೆ ಗೊತ್ತಾಯ್ತಾ?” ಎಂದೆ.

“ಏನು ಗೊತ್ತಾಗೋದು ಅಜ್ಜಿ?”

“ಹಿಂದೆ ಬಂದವರು ವಾಪಸ್ ಬರಲ್ಲ ಅನ್ನೋದು.”

ಆಕೆ ಮೇಷ್ಟ್ರ ಕಿವಿಯನ್ನು ಇನ್ನೊಮ್ಮೆ ಮಡಚಿ ನೋಡಿದಳು. ಓದಿದವರು ಬೇಗ ಉತ್ತರಿಸದಿದ್ದರೆ ನನಗೆ ಭಯ.

“ನೆಲದ ಮೇಲೆ ಹೊಸ ನೆರಳು ಬಿದ್ದಿರಬಹುದು. ಏನೋ ವಾಸನೆ ಬಂದಿರಬಹುದು. ಸುಮ್ನೆ ಬೇಜಾರಾಗಿರಬಹುದು. ನಿಜ ಹೇಳ್ಬೇಕು ಅಂದ್ರೆ ಗೊತ್ತಿಲ್ಲ ಅಜ್ಜಿ.”

“ನಾನು ಬಂದು ಕರೀಲಾ, ಬೇಡ್ವಾ?”

“ಬಂದ್ರೆ ಅವಕ್ಕೆ ಭಯ ಆಗಲ್ಲ. ಅಷ್ಟು ಮಾತ್ರ ನನಗೆ ಗೊತ್ತು. ನಿಮಗೆ ಏನಾಗುತ್ತೆ ಅಂತ ಗೊತ್ತಿಲ್ಲ.”

ಗುಂಡಿ ಹೊಲಿದುಕೊಟ್ಟೆ. ಒಳ್ಳೆಯ ಹುಡುಗಿ. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾರ್ಚ್ 30, ಭಾನುವಾರ

ಹಿತ್ತಲಲ್ಲಿ ಅವನ ಪಕ್ಕ ಕೂತು ಕೇಳಿದೆ. ನಾಚಿಕೆ ಬಿಟ್ಟು, ಬಾಯಿಬಿಟ್ಟು ಕೇಳಿದೆ. ಏನೋ ಮೇಷ್ಟ್ರೇ, ಯಾಕೋ ನಿಂತೆ? ಮೆಲುಕು ಹಾಕಿದ. ಅಡ್ಡಗೆರೆ ಎಳೆದಂಥ ಕಣ್ಣು, ಅದರೊಳಗೆ ನಾನು ಸಣ್ಣಗೆ ಕಂಡೆ.

ಗೊತ್ತಿಲ್ಲದೆ ಇಷ್ಟು ದಿನ ನಡೆದನಾದರೆ ಅವನದೇನೂ ತಪ್ಪಿಲ್ಲ. ಈಗ ಗೊತ್ತಾಗಿ ನಿಂತನಾದರೆ, ಮತ್ತೆ ನಡೆಸಲು ನಾನು ಯಾರು? ಗೊತ್ತಾಗದೆ ಸುಮ್ಮನೆ ನಿಂತನಾದರೆ, ಹೋತದ ಸೋಮಾರಿತನಕ್ಕೆ ಕುರಿಗಳೇಕೆ ಕೋಲಿನ ಏಟು ತಿನ್ನಬೇಕು? ಬೆಳಿಗ್ಗೆ ಹೋಗುವುದೇ ಸರಿ ಅನ್ನಿಸಿತು. ಊಟದ ಹೊತ್ತಿಗೆ ಹೋಗಬಾರದು ಅನ್ನಿಸಿತು. ಈಗ ಸೊಸೆ ದೀಪ ಹಾಕುತ್ತಿದ್ದಾಳೆ, ಎರಡೂ ಅನ್ನಿಸುತ್ತಿದೆ.

ಯಜಮಾನರು ಸಾಯುವ ಮುಂಚೆ ಆಸ್ಪತ್ರೆಯಲ್ಲಿ ನಾನು ಅವರ ಕೈ ಹಿಡಿದು, ಏನೂ ಆಗಲ್ಲ, ನಾನಿದೀನಿ ಎಂದಿದ್ದೆ. ನನಗೆ ಗೊತ್ತಿತ್ತು ಆಗುತ್ತದೆಂದು. ಆ ಮಾತು ಕೇಳಿ ಅವರ ಮುಖ ಸಡಿಲವಾಯಿತು. ಅದು ಮೋಸ ಎಂದು ಯಾರೂ ಅನ್ನಲಿಲ್ಲ, ನಾನೂ ಅಂದುಕೊಂಡಿಲ್ಲ. ಆದರೆ ಅವರ ಸಾವು ಯಾರ ಊಟಕ್ಕೂ ಅಲ್ಲ. ಅಲ್ಲೇ ಸಿಕ್ಕುಬೀಳುತ್ತೇನೆ.

ಮಾರ್ಚ್ 31, ಸೋಮವಾರ, ಬೆಳಿಗ್ಗೆ

ವ್ಯಾನು ಬಂದಿದೆ. ಕನ್ನಡಕ ಮರೆತೆ ಎಂದು ಸುಳ್ಳು ಹೇಳಿ ಒಳಗೆ ಬಂದು ಬರೆಯುತ್ತಿದ್ದೇನೆ.

ಕಿಟಕಿಯಿಂದ ಕಾಣುತ್ತಿದೆ. ಮೇಷ್ಟ್ರು ಗೇಟಿನ ಬಳಿಯೇ ಕಾಲೂರಿ ನಿಂತಿದ್ದಾನೆ. ಮಗ ಹಗ್ಗ ಹಿಡಿದಿದ್ದಾನೆ, ಎಳೆಯುತ್ತಿಲ್ಲ. ಎಳೆಯಬಹುದಿತ್ತು, ಬಲವಿದೆ. ಹಗ್ಗ ಸಡಿಲ ಬಿಟ್ಟು ಮನೆಯ ಕಡೆ ನೋಡುತ್ತಿದ್ದಾನೆ. ಲಾರಿ ಆಗಲೇ ಬಂದು ನಿಂತಿದೆಯಂತೆ, ದೊಡ್ಡಿ ತುಂಬಿದೆಯಂತೆ. ಫೋನು ಬರುತ್ತಲೇ ಇದೆ.

“ಅಮ್ಮಾ, ಒಂದ್ಸಲ ಕರಿ. ನೀನು ಬರದಿದ್ರೂ ಪರವಾಗಿಲ್ಲ, ವ್ಯಾನು ಹತ್ತೋ ಹಾಗೆ ಇಲ್ಲಿಂದನೇ ಕರಿ.”

ಇಲ್ಲಿಂದ ಕರೆದು ಸುಮ್ಮನಾಗುವುದು ಇನ್ನೂ ಹೇಡಿತನ. ಕರೆಯುವುದಾದರೆ ಓಣಿಯ ಆ ಕೊನೆಗೇ ಹೋಗಿ ನಿಂತು ಕರೆಯಬೇಕು, ಎಲ್ಲ ಬರುವುದನ್ನು ನೋಡುತ್ತ. ಚಪ್ಪಲಿ ಹಾಕಿಕೊಂಡಿದ್ದೇನೆ. ಮೊಮ್ಮಗಳು ಕೋಣೆಯಿಂದ ಹೊರಗೆ ಬಂದಿಲ್ಲ.

ಅವನು ಈ ಕಡೆ ತಿರುಗಿದ. ಕಿವಿ ನೆಟ್ಟಗಾಗಿದೆ. ನಾನಿನ್ನೂ ಬಾಯಿ ತೆರೆದಿಲ್ಲ, ಆಗಲೇ ಒಂದು ಹೆಜ್ಜೆ ಇಟ್ಟು ನನ್ನ ದನಿಗೆ ಕಾಯುತ್ತ ನಿಂತಿದ್ದಾನೆ.