ಗಾಜಿನ ಪೆಟ್ಟಿಗೆಯ ಬಲಮುರಿ

ತೂತ್ತುಕುಡಿ
ಸೋಮವಾರ, ಅಕ್ಟೋಬರ್ 14

ಸೇಸಕ್ಕನಿಗೆ ಅಂದೋನಿಯಮ್ಮನ ಸ್ತೋತ್ರ.

ನನ್ನ ಕೈಬರಹ ಕಂಡ ಕೂಡಲೇ ಒಲೆಗೆ ಹಾಕಬೇಡ ಅಕ್ಕಾ. ನೀನು ನನ್ನ ಜೊತೆ ಮಾತು ಬಿಟ್ಟು, ಮಣಪ್ಪಾಡಿನಲ್ಲಿ ನಿನ್ನ ತಮ್ಮನ ಮನೆ ಸೇರಿ ಎರಡು ವರ್ಷವಾಯಿತು. ಇದೊಂದನ್ನು ಓದಿ ಮುಗಿಸು, ಆಮೇಲೆ ಬೇಕಾದರೆ ಸುಡು. ನೀನು ಗೆದ್ದಿದ್ದೀಯ. ಅದನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ.

ಶುಕ್ರವಾರದ ರೈಲಿಗೆ ಮಗಳು ವಿನೀತಾ ನನ್ನನ್ನು ಮದ್ರಾಸಿಗೆ ಹೊರಡಿಸಿದಳು. ಎರಡು ದಿನ ಸುತ್ತಾಡಿ ಬರೋಣ ಅಂದಳು. ಮೊಮ್ಮಗಳು ಸೆಲ್ಸಿಯಾಗೆ ತಿಮಿಂಗಿಲದ ಎಲುಬು ನೋಡಬೇಕಂತೆ. ಕಡಲ ದಡದಲ್ಲಿ ಹುಟ್ಟಿದವರು ತಿಮಿಂಗಿಲ ನೋಡುವುದಕ್ಕೆ ಪೇಟೆಗೆ ಹೋಗಬೇಕೇ ಎಂದು ಗೊಣಗುತ್ತಲೇ ಹೋದೆ. ಶನಿವಾರ ಬೀಚು, ಸೀರೆ ಅಂಗಡಿ, ಬಿರಿಯಾನಿ. ಅವರ ಬಿರಿಯಾನಿಗೆ ಉಪ್ಪೂ ಇಲ್ಲ, ಖಾರವೂ ಇಲ್ಲ, ಬಿಡು.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ, ಯಾವುದೋ ಟ್ರಸ್ಟಿನವರು ನಡೆಸುವ ಪ್ರಾಣಿಗಳ ಮ್ಯೂಸಿಯಂಗೆ ಹೋದೆವು. ಹೊಟ್ಟೆಗೆ ಹುಲ್ಲು ತುಂಬಿದ ಹುಲಿ, ಬಾಟಲಿಯೊಳಗೆ ಹಾವು, ಛಾವಣಿಗೆ ನೇತುಹಾಕಿದ ತಿಮಿಂಗಿಲ. ಮೊಮ್ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು, ನನಗೆ ಮೊಣಕಾಲು ನೋವು. ಕೂರುವುದಕ್ಕೆ ಜಾಗ ಹುಡುಕುತ್ತಾ ಚಿಪ್ಪುಗಳ ಕೋಣೆಗೆ ನುಗ್ಗಿದೆ. ನಡುವಿನ ಗಾಜಿನ ಪೆಟ್ಟಿಗೆಯಲ್ಲಿ, ಕೆಂಪು ಮಖಮಲ್ಲಿನ ಮೇಲೆ, ಅದೇ ಇತ್ತು ಅಕ್ಕಾ. ಬಲಮುರಿ ಶಂಖ ಎಂದು ದಪ್ಪ ಅಕ್ಷರದ ಚೀಟಿ. ಕಾಣಿಕೆ ಕೊಟ್ಟವರು ಎಂದು ಕೆಳಗೆ ನಮ್ಮ ಶಂಖದ ಗೋದಾಮಿನ ಧಣಿಯ ಹೆಸರು.

ನಿನಗೆ ನೆನಪಿಸಬೇಕಾಗಿಲ್ಲ, ಆದರೂ ಬರೆಯುತ್ತೇನೆ. ಅವತ್ತು ಗೋದಾಮಿಗೆ ದೊಡ್ಡವರು ಬಂದಿದ್ದರು, ಧಣಿ ಆ ಶಂಖವನ್ನು ಲಕ್ಷಕ್ಕೊಂದು ಸಿಗುವ ಬಲಮುರಿ ಎಂದು ತಂದು ತೋರಿಸಿದ. ಬೆರಳು ಹಾಕದೆ ಶಂಖ ಒಪ್ಪುವುದು ನಾವು ಆರಿಸುವವರು ಕೂರುವ ಮಣೆಯಲ್ಲಿ ಇಲ್ಲವೇ ಇಲ್ಲ. ಹಿರಿಯಳು ಎಂದು ನೀನು ಶಂಖದ ಬಾಯೊಳಗೆ ಬೆರಳಿಟ್ಟೆ. "ಒಳಗೆ ಇರಬೇಕಾದ ಮೂರು ಏಣು ಇಲ್ಲ, ನುಣ್ಣಗಿದೆ. ಇದು ನಮ್ಮ ಕಡಲಿನದಲ್ಲ, ಪರದೇಶದ ಚಿಪ್ಪು" ಎಂದೆ. ಮುದುಕಿಯ ಬೆರಳು ಮರಗಟ್ಟಿದೆ ಎಂದು ಅವನು ನಕ್ಕ, ನನ್ನ ಕೈಗೆ ಕೊಟ್ಟ. ನಾನು ಏಣು ಇದೆ ಎಂದೆ. ಅಷ್ಟು ಜನ ಸುತ್ತ ನಿಂತಿದ್ದರು, ಕೈ ಬೆವೆತಿತ್ತು, ನನ್ನ ಬೆರಳಿಗೆ ತಿಳಿಯಲಿಲ್ಲ. ಮರುದಿನದಿಂದ ನೀನು ಬರಬೇಡ ಎಂದಾಯಿತು. ಮೂವತ್ತೊಂದು ವರ್ಷ ನೀನು ಕೂತಿದ್ದ, ಸಾಲಿನ ಮೊದಲ ಮಣೆ ನನಗೆ ಬಂತು.

ಗಾಜಿಗೆ ಮೂಗು ತಾಗಿಸಿ ನಿಂತೆ. ಕಾವಲಿನವನು ಬಂದ. "ಅಜ್ಜೀ, ಗಾಜು ಮುಟ್ಟಬೇಡಿ, ಕಲೆಯಾಗುತ್ತೆ" ಅಂದ. "ಕಲೆ ಒಳಗೇ ಇದೆ ಕಣಪ್ಪಾ, ನಿಮ್ಮ ದೊಡ್ಡವರನ್ನ ಕರಿ" ಅಂದೆ. ವಿನೀತಾ ನನ್ನ ಸೆರಗು ಜಗ್ಗಿ, "ಅಮ್ಮಾ, ಊರು ಬಿಟ್ಟು ಬಂದೂ ಮಾನ ಕಳೀತೀಯಲ್ಲ" ಎಂದು ಗೊಣಗಿದಳು. ನಾನು ಜಗ್ಗಲಿಲ್ಲ.

ಬಂದವರು ಮಂಗೈಯರ್ಕರಸಿ ಎಂಬ ಡಾಕ್ಟರಮ್ಮ, ಚಿಪ್ಪುಗಳನ್ನೇ ಓದಿ ಡಾಕ್ಟರ್ ಆದವರಂತೆ. ಮೊದಲು ನಗುಮುಖದಲ್ಲೇ ಸಾಗಹಾಕಲು ನೋಡಿದರು. "ಕೊಟ್ಟವರು ಪತ್ರ ಸಮೇತ ಕೊಟ್ಟಿದ್ದಾರಮ್ಮಾ. ನಾನು ಇಲ್ಲಿಗೆ ಬರೋಕೆ ಮುಂಚೇನೇ ಇತ್ತು, ತೆಗೆದು ನೋಡಿಲ್ಲ" ಅಂದರು. ನಾನು, "ಪತ್ರಕ್ಕೆ ಬೆರಳು ಹಾಕೋಕಾಗುತ್ತಾ? ಶಂಖಕ್ಕೆ ಹಾಕಿ ನೋಡಿ" ಅಂದೆ. ಅವರು ಬೀಗದ ಕೈ ತರಿಸಿದರು.

ಆದರೆ ಪರೀಕ್ಷೆ ಮೊದಲು ನನಗೇ. ಒಳಗಿನ ಡ್ರಾಯರಿನಿಂದ ಎಂಟು ಚಿಪ್ಪು ತಂದು, ಆ ಬಲಮುರಿಯನ್ನೂ ಸೇರಿಸಿ, ಮೇಲೆ ಟವೆಲ್ ಹೊದಿಸಿದರು. ಜನ ಹುಲಿಯನ್ನು ಬಿಟ್ಟು ನಮ್ಮ ಸುತ್ತ ನೆರೆದರು. ನಾನು ಕೈ ಒಳಗೆ ತೂರಿಸಿ ಒಂದೊಂದಕ್ಕೂ ಬೆರಳು ಹಾಕಿದೆ. ಇದು ನಮ್ಮದು, ಇದೂ ನಮ್ಮದು, ಇದು ಮರಿ, ಇದಕ್ಕೆ ಹುಳ ಹಿಡಿದಿದೆ, ಇದು ಸತ್ತು ದಡಕ್ಕೆ ಬಂದದ್ದು ಎಂದು ಹೇಳುತ್ತಾ ಹೋದೆ. ಏಳನೆಯದಕ್ಕೆ ಬೆರಳು ಹೋದಾಗ ಒಳಗೆ ಏನೂ ಸಿಗಲಿಲ್ಲ. ಬರೀ ನುಣುಪು. "ಇದು ಪರದೇಶಿ" ಅಂದೆ. ಟವೆಲ್ ಎತ್ತಿದರೆ ಅದೇ ಬಲಮುರಿ.

ಡಾಕ್ಟರಮ್ಮ ತಾವೂ ಬೆರಳು ಹಾಕಿದರು. ಬ್ಯಾಟರಿ ಬಿಟ್ಟು ನೋಡಿದರು, ದಪ್ಪ ಪುಸ್ತಕ ತೆಗೆದರು. ಕಡೆಗೆ ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ಹೇಳಿದ್ದೇ ಸರಿ ಅಮ್ಮಾ. ಇದು ದೂರದ ಬೇರೆ ಕಡಲಿನದು. ಆ ಜಾತಿಯಲ್ಲಿ ಎಲ್ಲವೂ ಹೀಗೇ ತಿರುಗಿರುತ್ತವೆ" ಅಂದರು. ಜನ ಚಪ್ಪಾಳೆ ತಟ್ಟಿದರು. ಮಾನ ಹೋಯಿತು ಅಂದವಳೇ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ನನಗೆ ಎದೆ ಉಬ್ಬಿಹೋಯಿತು ಅಕ್ಕಾ, ಸುಳ್ಳು ಹೇಳುವುದಿಲ್ಲ.

ಹೊಸ ಚೀಟಿ ಬರೆಯುವುದಕ್ಕೆ ನನ್ನ ಹೆಸರು ಕೇಳಿದರು. ನಾನು ನಿನ್ನದು ಹೇಳಿದೆ. ಇದನ್ನು ಎರಡು ವರ್ಷದ ಹಿಂದೆಯೇ ಕಂಡುಹಿಡಿದವಳು ಸೇಸಮ್ಮಾಳ್, ನಾನು ಸುದ್ದಿ ಹೊತ್ತು ತಂದವಳು ಎಂದೆ. ಈಗ ಅಲ್ಲಿ "ಗುರುತಿಸಿದವರು: ಸೇಸಮ್ಮಾಳ್, ಶಂಖ ಆರಿಸುವವರು, ತೂತ್ತುಕುಡಿ" ಎಂದಿದೆ. ವಿನೀತಾ ತೆಗೆದ ಫೋಟೋ ಇದರ ಜೊತೆ ಇಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ಅದೇ ಫೋಟೋವನ್ನು ಗೋದಾಮಿನಲ್ಲಿ ಕೈಯಿಂದ ಕೈಗೆ ದಾಟಿಸಿದೆ. ಬಳೆ ಮಾಡುವುದಕ್ಕೆ ಬಂಗಾಳಕ್ಕೆ ಶಂಖ ಒಯ್ಯುವ ಲಾರಿ ಬಾಗಿಲಲ್ಲೇ ನಿಂತಿತ್ತು. ಆರಿಸಲು ಕೂತಿದ್ದ ಹನ್ನೊಂದು ಜನ ಹೆಂಗಸರೂ ಕೈಯಲ್ಲಿದ್ದ ಶಂಖ ಕೆಳಗಿಟ್ಟು ಎದ್ದು ನಿಂತರು. ಸೇಸಕ್ಕ ಬರುವವರೆಗೆ ಒಂದು ಶಂಖಕ್ಕೂ ಬೆರಳು ಹಾಕುವುದಿಲ್ಲ ಅಂದರು. ಧಣಿ ಅರಚಿದ, ಫೋನು ಮಾಡಿದ, ಬೆವರು ಒರೆಸಿಕೊಂಡ. ಹನ್ನೆರಡು ಗಂಟೆಗೆ, "ಕರೆಸಿ ಅವಳನ್ನ, ಅವಳ ಮಣೆ ಅವಳಿಗೇ" ಅಂದ. ಅಷ್ಟೂ ಜನರ ಎದುರಿಗೆ ಅಂದ. ನಿನ್ನ ಮಣೆಯನ್ನು ತೊಳೆದು ಬಿಸಿಲಿಗಿಟ್ಟು ಬಂದಿದ್ದೇನೆ.

ಬಾ ಅಕ್ಕಾ. ತಲೆ ಎತ್ತಿಕೊಂಡು ಬಾ.

ನಿನ್ನ ತಂಗಿ ಎಂದು ಇನ್ನೂ ಅಂದುಕೊಂಡಿರುವ
ಅಂದೋನಿಯಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಅವತ್ತು ನನ್ನ ಬೆರಳಿಗೆ ತಿಳಿಯಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಧಣಿ ಅದನ್ನು ಹಿಂದಿನ ದಿನವೇ ನನಗೆ ತೋರಿಸಿದ್ದ. ನಕಲಿ ಎಂದು ನಾನೇ ಮೊದಲು ಹೇಳಿದೆ. ಬಾಯಿ ಮುಚ್ಚಿಕೊಂಡಿದ್ದರೆ ಮೊದಲ ಮಣೆ ನನಗೇ ಎಂದು ಆಸೆ ತೋರಿಸಿದ, ಮುಚ್ಚಿಕೊಂಡೆ. ಇವತ್ತು ಬೆಳಿಗ್ಗೆ ಇದನ್ನೂ ಆ ಹನ್ನೊಂದು ಜನರಿಗೆ ಹೇಳಿದ್ದೇನೆ. ನಿನಗೆ ಬೇರೆಯವರ ಬಾಯಿಂದ ತಿಳಿಯಬಾರದು ಎಂದು ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ. ಭಾನುವಾರ ಪೂಜೆ ಮುಗಿದ ಮೇಲೆ ಮಣಪ್ಪಾಡಿಗೆ ಬರುತ್ತೇನೆ. ಎರಡು ಏಟು ಹಾಕುವುದಕ್ಕಾದರೂ ಬಾಗಿಲು ತೆಗಿ ಅಕ್ಕಾ.