ರಸ್ತೆ ಕಡೆಯ ಗೋಡೆ

ಸ್ಪಾರೋ ಲೇಕ್, ಮಿನ್ನೆಸೋಟ
ಮೇ 18, 1997, ಭಾನುವಾರ

ನನ್ನ ಮುದ್ದು ಕಾರಿನ್,

ಈ ಕಾಗದ ಒಡೆದು ಓದುತ್ತೀಯೋ, ಹಾಗೇ ಎಲ್ಲಾದರೂ ಎಸೆದುಬಿಡುತ್ತೀಯೋ ಕಾಣೆ. ಫೋನು ಎತ್ತುವುದನ್ನಂತೂ ನೀನು ಬಿಟ್ಟೇಬಿಟ್ಟಿದ್ದೀಯ. ಸರೋವರದ ಹಿಮಗಡ್ಡೆ ಪೂರ್ತಿ ಕರಗಿದೆ. ನಾನು ಆ ಕಡೆಯ ಕಿಟಕಿಯ ಪರದೆಯನ್ನು ಇನ್ನೂ ಸರಿಸಿಲ್ಲ.

ಮನೆಯ ಹೊರಗೋಡೆಗಳಿಗೆ ಹೊಸ ಸೈಡಿಂಗ್ ಹೊದಿಕೆ ಹಾಕಿಸುತ್ತಿದ್ದೇವೆ. ನೀನು ಬೆಳೆದ ಹಳದಿ ಮನೆ ಇನ್ನು ಹಳದಿಯಾಗಿರುವುದಿಲ್ಲ. ಅದು ಹೇಗಾಯಿತೆಂದು ನಿನಗೆ ಬೇರೆಯವರು ಹೇಳುವ ಮೊದಲು ನಾನೇ ಹೇಳಬೇಕು.

ಏಪ್ರಿಲ್‌ನಲ್ಲಿ ಒಂದು ಭಾನುವಾರ ನಿಮ್ಮಪ್ಪ ಎಂದಿನಂತೆ ಟ್ರಾಯ್‌ನನ್ನು ನೋಡಲು ಜೈಲಿಗೆ ಹೋಗಿದ್ದರು. ನನಗೆ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಪಾಳಿ ಇತ್ತು. ನಾನು ಮನೆಗೆ ಬಂದಾಗ ಅವರು ಒಳ್ಳೆಯ ಕೋಟನ್ನೂ ಬಿಚ್ಚದೆ ಅಂಗಳದಲ್ಲಿ ನಿಂತಿದ್ದರು. ರಸ್ತೆ ಕಡೆಯ ಗೋಡೆಯ ಮೇಲೆ, ಈ ತುದಿಯಿಂದ ಆ ತುದಿಯವರೆಗೆ, ಯಾರೋ ಕಪ್ಪು ಸ್ಪ್ರೇ ಬಣ್ಣದಲ್ಲಿ ಬರೆದಿದ್ದರು: ಲಿನೇಯಾ. ಬೈಗುಳವಿಲ್ಲ, ಬೆದರಿಕೆಯಿಲ್ಲ. ಬರೀ ಹೆಸರು.

ಕಲ್ಲೆಸೆದಿದ್ದರೆ ನಿಮ್ಮಪ್ಪ ತಡೆದುಕೊಳ್ಳುತ್ತಿದ್ದರೇನೋ. ಕುಡಿದ ಮತ್ತಿನಲ್ಲಿ ನಿನ್ನ ತಮ್ಮ ಟ್ರಾಯ್ ಸರೋವರದ ಮೆತ್ತಗಾದ ಹಿಮಗಡ್ಡೆಯ ಮೇಲೆ ಟ್ರಕ್ ಇಳಿಸಿ, ತಾನು ಈಜಿ ಹೊರಬಂದು, ಪಕ್ಕದಲ್ಲಿ ಕೂತಿದ್ದ ಆ ಹೆಸರಿನ ಹುಡುಗಿಯನ್ನು ನೀರಿನಲ್ಲೇ ಬಿಟ್ಟು ಬಂದ ಮೇಲೆ, ಊರಿನವರು ಏನಾದರೂ ಮಾಡಿಯಾರು ಎಂದು ಅವರು ಕಾಯುತ್ತಲೇ ಇದ್ದರು. ಹೆಸರನ್ನು ಮಾತ್ರ ಅವರು ನಿರೀಕ್ಷಿಸಿರಲಿಲ್ಲ. ಥಿನ್ನರ್ ತಂದು ಕತ್ತಲಾಗುವವರೆಗೂ ತಿಕ್ಕಿದರು. ಪ್ಲಾಸ್ಟಿಕ್‌ನಂಥ ವೈನಿಲ್ ಪಟ್ಟಿಯ ಹೊಳಪು ಹೋಯಿತು, ಬಣ್ಣ ಅದರ ಗೆರೆಗಳೊಳಗೆ ಇಳಿದು ಕೂತಿತು. ಕಪ್ಪಗಿದ್ದ ಹೆಸರು ಬೂದಿಯ ಬಣ್ಣಕ್ಕೆ ತಿರುಗಿತು, ಅಷ್ಟೆ.

ಆ ಒಂದು ಗೋಡೆಯ ಪಟ್ಟಿಗಳನ್ನಷ್ಟೇ ಬದಲಿಸೋಣವೆಂದರೆ ಆ ಹಳದಿ ಈಗ ತಯಾರಾಗುವುದೇ ಇಲ್ಲ. ಸಿಕ್ಕಿದರೂ ನಮ್ಮದು ಬಿಸಿಲಿಗೆ ಮಾಸಿದೆ, ಹಳೇ ಅಂಗಿಗೆ ಹೊಸ ತೇಪೆ ಹಚ್ಚಿದ ಹಾಗೆ ಎದ್ದು ಕಾಣುತ್ತಿತ್ತು. ಹಾಗಾಗಿ ಇಡೀ ಮನೆಗೇ ಹೊಸದು ಎಂದಾಯಿತು. ನಿಮ್ಮಪ್ಪ ಮರದ ಅಂಗಡಿಯಿಂದ ದೇವದಾರು, ಸಿಮೆಂಟ್ ಹಲಗೆ, ಉಕ್ಕು, ಎಲ್ಲದರದ್ದೂ ಒಂದೊಂದು ತುಂಡು ತಂದು ಗ್ಯಾರೇಜಿನಲ್ಲಿ ಸಾಲಾಗಿ ನಿಲ್ಲಿಸಿದರು. ಒಂದೊಂದಕ್ಕೂ ತಾವೇ ಕಪ್ಪು ಬಣ್ಣ ಎರಚಿ, ಒಣಗಿಸಿ, ತಿಕ್ಕಿ ನೋಡಿದರು. ದೇವದಾರು ಬಣ್ಣವನ್ನು ಕುಡಿದೇಬಿಟ್ಟಿತು. ಸಿಮೆಂಟಿನ ಮೇಲೆ ಕಲೆ ಉಳಿಯಿತು. ಉಕ್ಕು ಒರೆಸಿದ ಕೂಡಲೇ ಸ್ವಚ್ಛವಾಯಿತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಯಾವ ಹೊದಿಕೆ ಚೆಂದ ಎಂದು ಒಂದು ಸಲವೂ ಅವರು ನನ್ನನ್ನು ಕೇಳಲಿಲ್ಲ.

ಗಾಢ ಕಂದು ಬಣ್ಣದ ಉಕ್ಕು ಬೇಕೆಂದಾಗ ಅಂಗಡಿಯ ಮರ್ಲ್ ನಕ್ಕನಂತೆ. "ವೆಂಡೆಲ್, ನೀನ್ ಮನೆ ಕಟ್ತಿದ್ದೀಯೋ, ಕೋಟೆ ಕಟ್ತಿದ್ದೀಯೋ?"

"ಊರು ಹೆಂಗಿದ್ಯೋ ಮನೆನೂ ಹಂಗೆ," ಅಂದರಂತೆ ಇವರು.

ಅಷ್ಟಕ್ಕೇ ನಿಂತಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಪೆಟ್ರೋಲ್ ಬಂಕಿನ ಕಾಫಿ ಕಟ್ಟೆಯಲ್ಲಿ ಎಲ್ಲರೆದುರು ನಿಮ್ಮಪ್ಪ ಹೇಳಿದರು: "ತನ್ ಮಗಳ ಹೆಸರು ಬರ್ಯೋಕೆ ಆರ್ಲೆನ್‌ಗೆ ನನ್ ಗೋಡೆನೇ ಬೇಕಾಗಿತ್ತು."

ಮಾರನೇ ದಿನ ಆರ್ಲೆನ್ ತಾನೇ ಬಂದ. ಹಳೆಯ ಹಳದಿ ಹೊದಿಕೆ ಹಾಕಿದವನೂ ಅವನೇ ಅಲ್ಲವೇ. ಆಗ ಉಳಿದ ತುಂಡುಗಳಲ್ಲಿ ನೀನೂ ಲಿನೇಯಾಳೂ ಮೊಲಕ್ಕೆ ಗೂಡು ಮಾಡಿದ್ದಿರಿ. ಅವನು ಟೋಪಿ ತೆಗೆದು ಗೋಡೆಯ ಮುಂದೆ ನಿಂತ. ಅಷ್ಟು ದೊಡ್ಡದಾಗಿರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ ಅನ್ನಿಸುತ್ತದೆ.

"ನಾನ್ ಬರ್ದಿಲ್ಲ ವೆಂಡೆಲ್."

"ಬರ್ದಿಲ್ಲ ಅಂದ್ರೆ ನೀನೇ ಬಂದು ಕಿತ್ತಾಕು. ಈ ಊರಲ್ಲಿ ಆ ಕೆಲ್ಸ ಮಾಡೋನು ನೀನೊಬ್ನೇ ತಾನೆ?"

ಆರ್ಲೆನ್ ಟೋಪಿಯನ್ನು ಮತ್ತೆ ತಲೆಗೇರಿಸಿದ. ಆಮೇಲೆ ಅಂದ: "ಈ ಹೆಸ್ರಿಗೆ ಸುತ್ತಿಗೆ ಹಾಕೋ ಕೈ ನಂದಲ್ಲಪ್ಪ. ನಿನ್ ಮಗ ಇವತ್ತಲ್ಲ ನಾಳೆ ಮನೆಗ್ ಬರ್ತಾನೆ. ನಾನ್ ಯಾರಿಗೆ ಕಾಯ್ಲಿ, ಹೇಳು?"

ನಿಮ್ಮಪ್ಪ ಬಾಗಿಲು ಹಾಕಿಕೊಂಡರು. ನಾನು ಒಳಗಿದ್ದೆ, ಕಾರಿನ್. ಹೊರಗೆ ಬರಲಿಲ್ಲ.

ಆಡಿದ ಮಾತು ಊರಿಡೀ ಸುತ್ತಿತು. ಚರ್ಚಿನ ಚಾವಣಿ ಕೆಲಸ ಆರ್ಲೆನ್ ಕೈತಪ್ಪಿತು. ದುಃಖಕ್ಕೆ ಅವನ ತಲೆ ಕೆಟ್ಟಿದೆ, ಮಕ್ಕಳಿರುವ ಕಡೆಗೆ ಅವನನ್ನು ಹೇಗೆ ಕರೆಯುವುದು ಎಂದು ಹೆಂಗಸರು ನನ್ನ ಎದುರೇ ಹೇಳಿದರು, ನನಗೆ ಹಿತವಾಗಲಿ ಎಂದು.

ಆ ವಾರವೇ ಎದುರುಮನೆಯ ಇರೀನ್ ಸಿಕ್ಕಿದಳು. "ಏನೇ ಡೊರೀನ್, ನಿಮ್ ಗೋಡೆ ಹಾಳಾದ ಭಾನ್ವಾರ ನಿನ್ ಮಗಳು ಬಂದಿದ್ಲಲ್ಲ? ಅವಳ ಕಾರ್ ನೋಡ್ದೆ. ಅಷ್ಟು ದೂರದಿಂದ ಬಂದೋಳು ಅಮ್ಮ ಬರೋವರ್ಗಾದ್ರೂ ಕಾಯ್ಬಾರ್ದಾ?"

ಅವಸರ ಇತ್ತಂತೆ, ಅಂದೆ. ಮನೆಗೆ ಬಂದು ಗೋಡೆಯ ಮುಂದೆ ನಿಂತೆ. ಕ್ರಿಸ್‌ಮಸ್ ದಿನ ನೀನು ತಟ್ಟೆ ತಳ್ಳಿ ಎದ್ದು ಹೇಳಿದ್ದು ನೆನಪಾಯಿತು: ಈ ಮನೆಯಲ್ಲಿ ಟ್ರಾಯ್‌ಗೆ ಕಾಲುಚೀಲ ಕಳಿಸುವ ಮಾತಿದೆ, ಕೇಕು ಒಯ್ಯುವ ಮಾತಿದೆ, ಲಿನೇಯಾಳ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ ಎಂದು. ಆವತ್ತು ನಾನು ಆಲೂಗಡ್ಡೆ ಬಡಿಸುತ್ತಲೇ ಇದ್ದೆ.

ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೀನು ಬರೆದದ್ದು ನಮಗೆ ತಾಗಬೇಕಿತ್ತು, ತಾಗಿತು. ಆದರೆ ಏಟು ಬಿದ್ದದ್ದು ಆರ್ಲೆನ್‌ಗೆ. ಮಗಳನ್ನು ಕಳೆದುಕೊಂಡವನ ಕೆಲಸವನ್ನೂ ನಮ್ಮ ಮನೆ ಕಿತ್ತುಕೊಳ್ಳುವುದನ್ನು ನೋಡುತ್ತಾ ಕೂರಲು ನನ್ನಿಂದಾಗಲಿಲ್ಲ.

ಬರೆದವನು ಆರ್ಲೆನ್ ಅಲ್ಲ ಎಂಬುದು ಈಗ ನಿಮ್ಮಪ್ಪನಿಗೆ ಗೊತ್ತು. ಅವರು ಆರ್ಲೆನ್‌ನ ಅಂಗಳಕ್ಕೇ ಹೋಗಿ, "ನಮ್ಮನೆಯವರದ್ದೇ ಕೆಲ್ಸ ಅದು. ನಿನ್ ಮೇಲೆ ಹಾಕಿದ್ದು ನನ್ ತಪ್ಪು," ಎಂದರು. ಆರ್ಲೆನ್ ತಲೆಯಾಡಿಸಿ ಮತ್ತೆ ಗರಗಸ ಹಿಡಿದನಂತೆ. ಕಾಫಿ ಕಟ್ಟೆಯಲ್ಲೂ ಅದೇ ಮಾತು ಹೇಳಿ ಬಂದರು. ಅವರಿಗೆ ಅದೆಷ್ಟು ಕಷ್ಟವಾಗಿರಬಹುದು, ನೀನೇ ಯೋಚಿಸು. ಚರ್ಚಿನ ಕೆಲಸವೇನೋ ಬೇರೆಯವರ ಪಾಲಾಗಿಹೋಗಿತ್ತು. ಈಗ ನಿಮ್ಮಪ್ಪ ರಾಲ್ಫ್ ಚಿಕ್ಕಪ್ಪನ ಮನೆಯಲ್ಲಿದ್ದಾರೆ. ಇಲ್ಲಿ ಹಗಲೆಲ್ಲ ಸುತ್ತಿಗೆಯ ಸದ್ದು, ಧೂಳು.

ಬೆಮಿಜಿ ಪಟ್ಟಣದಿಂದ ಕೆಲಸದವರು ಬರುವ ಹಿಂದಿನ ದಿನ ಲಿನೇಯಾಳ ಅಮ್ಮ ಅರ್ಡಿಸ್ ಫೋನ್ ಮಾಡಿದಳು. ಮಗಳನ್ನು ಮಣ್ಣು ಮಾಡಿದ ಮೇಲೆ ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. "ಆ ಪಟ್ಟಿಗಳನ್ನ ಕಸಕ್ಕೆ ಹಾಕ್ತೀಯಾ ಡೊರೀನ್?" ಅಂದಳು. ಇನ್ನೂ ಬಿಚ್ಚಿಲ್ಲ ಅಂದೆ. "ನಂಗ್ ಕೊಡು," ಅಂದಳು.

ಉದ್ದನೆಯ ಪಟ್ಟಿಗಳು, ಕಾರಿನ ಹಿಂಬಾಗಿಲು ತೆರೆದಿಟ್ಟುಕೊಂಡೇ ಅವಳ ಮನೆಗೆ ಓಡಿಸಿದೆ. ಬಿಚ್ಚಿದ ಮೇಲೆ ಒಂದರಲ್ಲೂ ಪೂರ್ತಿ ಅಕ್ಷರವಿಲ್ಲ, ಬರೀ ಗೀಟುಗಳು. ಅವಳೂ ನಾನೂ ಹುಲ್ಲಿನ ಮೇಲೆ ಮೊಣಕಾಲೂರಿ, ಯಾವುದರ ಕೆಳಗೆ ಯಾವುದು ಎಂದು ಹೊಂದಿಸಿದೆವು. ಎರಡು ಸಲ ತಪ್ಪಾಯಿತು. ಹೆಸರು ಕೂಡಿದಾಗ ಅರ್ಡಿಸ್ ಅಳಲಿಲ್ಲ. ಅಂಗೈಯಿಂದ ಪಟ್ಟಿಗಳ ಮೇಲಿನ ಧೂಳು ಒರೆಸಿದಳು, ಮಗುವಿನ ಬಾಯಿ ಒರೆಸುವ ಹಾಗೆ. "ಯಾರು ಬರ್ದಿದ್ದು?" ಎಂದು ಕೇಳಿದಳು. ಅವಳಿಗೆ ನಿನ್ನ ಹೆಸರು ಹೇಳಿದೆ. "ಒಂದ್ಸಲ ಬಂದು ಹೋಗು ಅನ್ನು," ಅಂದಳು. ಹೋಗು, ಕಾರಿನ್. ನಮ್ಮಲ್ಲಿಗೆ ಬರದಿದ್ದರೂ ಅಲ್ಲಿಗೆ ಹೋಗು.

ಉತ್ತರದ ಗೋಡೆ ಬಿಟ್ಟು ಉಳಿದದ್ದೆಲ್ಲ ಮುಗಿದಿದೆ. ಕಂದು ಉಕ್ಕೇ ಹಾಕಿಸಿದೆ. ತಿಳಿನೀಲಿಯೂ ಇದೆ, ಈಗಲೂ ಬದಲಿಸಬಹುದು ಎಂದು ಕೆಲಸದವರು ಹೇಳಿದರು. ನನಗೇನೂ ಈ ಕಂದು ಹಿಡಿಸಿಲ್ಲ, ಮನೆ ಟ್ರಕ್ ನಿಲ್ಲಿಸುವ ಶೆಡ್ಡಿನಂತೆ ಕಾಣುತ್ತದೆ. ಆದರೂ ಅವರು ಆರಿಸಿದ್ದು. ಮರಳಿ ಬಂದರೆ ತಾವು ಆರಿಸಿದ ಮನೆಯನ್ನೇ ನೋಡಲಿ.

ಹೊಟ್ಟೆಗೆ ಸರಿಯಾಗಿ ತಿನ್ನು.

ಪ್ರೀತಿಯಿಂದ,
ಅಮ್ಮ

ಮರೆತ ಮಾತು: ನಿಮ್ಮಪ್ಪ ರಾಲ್ಫ್ ಮನೆಗೆ ಹೋದದ್ದು ಸುತ್ತಿಗೆಯ ಸದ್ದಿಗೆ ಎಂಬಂತೆ ಬರೆದೆನಲ್ಲ, ಅದಕ್ಕಲ್ಲ. ಗೋಡೆಯ ಮೇಲೆ ನಾನೇ ಬರೆದದ್ದು ಎಂದು ಅವರಿಗೆ ಹೇಳಿದ್ದೇನೆ. ಆ ಭಾನುವಾರ ಪಾಳಿ ಬೇಗ ಮುಗಿಯಿತು, ಬಂದು ಬರೆದು, ಮತ್ತೆ ಹೊರಗೆ ಹೋದೆ ಎಂದೆ. ಯಾಕೆ ಎಂದು ಕೇಳಿದರು. ಕ್ರಿಸ್‌ಮಸ್ ದಿನ ನೀನು ಆಡಿದ ಮಾತನ್ನೇ ನನ್ನದೆಂಬಂತೆ ಹೇಳಿದೆ. ಹೇಳುತ್ತಾ ಹೇಳುತ್ತಾ ಅದು ನನ್ನದೇ ಆಗಿಬಿಟ್ಟಿತು. ಅವರು ನನ್ನ ಕೈಗಳನ್ನು ನೋಡಿ, ಬಟ್ಟೆ ಚೀಲಕ್ಕೆ ತುಂಬಿಕೊಂಡು ಹೊರಟರು. ಇರೀನ್‌ಗೆ ಬಾಯಿ ಬಿಡಬೇಡ ಎಂದಿದ್ದೇನೆ, ಅರ್ಡಿಸ್ ಯಾರಿಗೂ ಹೇಳುವವಳಲ್ಲ. ರಾಲ್ಫ್ ಮನೆಗೆ ಫೋನ್ ಮಾಡಿದರೆ ಅಪ್ಪನ ಹತ್ತಿರ ಚೆನ್ನಾಗಿ ಮಾತಾಡು. ಒಬ್ಬ ಮಗನನ್ನು ಜೈಲಿನ ಗಾಜಿನಾಚೆ ಕೂರಿಸಿ ನೋಡುತ್ತಿದ್ದಾರೆ, ಇರುವ ನೀನೊಬ್ಬಳಾದರೂ ಅವರಿಗೆ ಉಳಿಯಬೇಕು. ನಾನು ಹೇಳಿದ್ದನ್ನು ಮಾತ್ರ ತಿದ್ದಬೇಡ.